ಹತ್ತಡಿ ಹಾಲ್‌ಗೆ ಚಿಕ್ಕ ಸ್ಪೀಕರ್: ಪೆಟ್ಟಿಗೆಯ ಮೇಲೆ ನೋಡಬೇಕಾದ ಒಂದು ಸಂಖ್ಯೆ

ನಮ್ಮದು ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಹಾಲ್. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗಳಲ್ಲಿ ಇದು ಮಾಮೂಲಿ ಅಳತೆ. ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಒತ್ತಿಕೊಂಡ ಸೋಫಾ, ಒಂದು ಮಗ್ಗುಲಿಗೆ ಬಾಲ್ಕನಿಯ ಗಾಜಿನ ಬಾಗಿಲು, ಇನ್ನೊಂದು ಮಗ್ಗುಲಲ್ಲಿ ಊಟದ ಮೇಜು. ಎದೆಯೆತ್ತರದ ಟವರ್ ಸ್ಪೀಕರ್ ನಿಲ್ಲಿಸೋಣವೆಂದರೆ ಓಡಾಡಲು ದಾರಿಯೇ ಉಳಿಯುವುದಿಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ಮುಷ್ಟಿಗಾತ್ರದ ಐದು ಪೆಟ್ಟಿಗೆ, ಜೊತೆಗೊಂದು ಸಬ್‌ವೂಫರ್ ಇರುವ ಸೆಟ್ ತಂದೆ. ಮೊದಲ ವಾರ ಮನೆಯವರಿಗೆಲ್ಲ ಖುಷಿ. ಎರಡನೇ ವಾರಕ್ಕೆ ಅಪ್ಪ ಶುರು ಮಾಡಿದರು: "ಮಾತೇ ತಿಳಿಯೋದಿಲ್ಲ ಕಣೋ, ಸ್ವಲ್ಪ ಜಾಸ್ತಿ ಮಾಡು." ಜಾಸ್ತಿ ಮಾಡಿದ ಎರಡೇ ನಿಮಿಷಕ್ಕೆ ಫೈಟ್ ಬರುತ್ತಿತ್ತು, ಬಾಲ್ಕನಿಯ ಗಾಜು ಗಡಗಡ ಅದುರುತ್ತಿತ್ತು, ಅಡುಗೆಮನೆಯಿಂದ ಅಮ್ಮನ ಕೂಗು ಕೇಳುತ್ತಿತ್ತು.

ಅಪ್ಪನ ಕಿವಿ ಮಂದವಾಗುತ್ತಿದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಕಿವಿ ಡಾಕ್ಟರ ಹತ್ತಿರ ತೋರಿಸಿದ್ದೂ ಆಯಿತು, ಕಿವಿ ಚೆನ್ನಾಗಿಯೇ ಇತ್ತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಕೊಳ್ಳುವ ಮೊದಲೇ ಓದಿ ಅರ್ಥಮಾಡಿಕೊಂಡಿದ್ದರೆ ದುಡ್ಡೂ ಉಳಿಯುತ್ತಿತ್ತು, ಅಪ್ಪನೂ ಅಷ್ಟು ದಿನ ಪರದಾಡುತ್ತಿರಲಿಲ್ಲ. ಈ ಬರಹ ಮುಖ್ಯವಾಗಿ ಆ ಸಂಖ್ಯೆಯ ಬಗ್ಗೆ: ಸ್ಪೀಕರ್ ಎಷ್ಟು ಕೆಳಗಿನ ಸ್ವರದವರೆಗೆ ಇಳಿಯಬಲ್ಲದು ಎಂದು ಹೇಳುವ ಸಂಖ್ಯೆ.

ಮೊದಲು ಚಿಕ್ಕ ಸ್ಪೀಕರಿನ ಕಷ್ಟ ಏನೆಂದು ನೋಡೋಣ. ಶಬ್ದವೆಂದರೆ ಗಾಳಿಯ ಅಲುಗಾಟ. ಸ್ವರ ಕೆಳಗಿಳಿದಷ್ಟೂ ಅಷ್ಟೇ ಜೋರಾಗಿ ಕೇಳಿಸಲು ಹೆಚ್ಚು ಗಾಳಿಯನ್ನು ತಳ್ಳಬೇಕು. ಒಂದು ಸ್ಥಾಯಿ ಕೆಳಗಿಳಿದರೆ, ಅಂದರೆ ಮಧ್ಯ ಷಡ್ಜದಿಂದ ಮಂದ್ರ ಷಡ್ಜಕ್ಕೆ ಬಂದರೆ, ಸ್ಪೀಕರಿನ ಕೋನ್, ಅಂದರೆ ಗಾಳಿ ತಳ್ಳುವ ಬಟ್ಟಲು, ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಆಡಬೇಕು. ಎರಡು ಸ್ಥಾಯಿಗೆ ಹದಿನಾರು ಪಟ್ಟು. 3 ಇಂಚಿನ ಕೋನ್‌ನ ಹರವು ಸುಮಾರು 30 ಚದರ ಸೆಂಟಿಮೀಟರ್, 5 ಇಂಚಿನದು ಹೆಚ್ಚುಕಡಿಮೆ ಅದರ ಮೂರು ಪಟ್ಟು, 10 ಇಂಚಿನದು ಹನ್ನೊಂದು ಪಟ್ಟು. ಅಂಗೈಯಗಲದ ಕೋನ್‌ಗೆ ಡೊಳ್ಳಿನ ಗುಡುಗನ್ನು ಕೊಡು ಎಂದರೆ, ಅದು ಪಾಪ ಎಷ್ಟು ದೂರ ಓಡಾಡೀತು?

ಪೆಟ್ಟಿಗೆಯದೂ ಇದೇ ಕಥೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದರು. ಅಲ್ಲಿಯವರೆಗೆ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್‌ನಂತೆ ದುಡಿಸಿಕೊಂಡರು. ಪೆಟ್ಟಿಗೆ ಶೆಲ್ಫ್ ಮೇಲೆ ಕೂರುವಷ್ಟಾಯಿತು. ಆದರೆ ಅದಕ್ಕೆ ಬೆಲೆ ತೆರಬೇಕಿತ್ತು: ಆ ಸ್ಪೀಕರ್ ಆಂಪ್ಲಿಫಯರಿನಿಂದ ಹೆಚ್ಚು ಶಕ್ತಿ ಕೇಳುತ್ತಿತ್ತು. ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನ 'ಎಚ್' ಆದ ಜೋಸೆಫ್ ಆಂಟನ್ ಹಾಫ್‌ಮನ್ ಈ ಲೆಕ್ಕವನ್ನು ಒಂದು ನಿಯಮಕ್ಕೆ ಇಳಿಸಿದರು. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವಾಟಿಗೆ ಜೋರು ದನಿ ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಮೂರೂ ಒಟ್ಟಿಗೆ ಸಿಗುವುದಿಲ್ಲ. ಇವತ್ತಿಗೂ ಯಾವ ಕಂಪನಿಯೂ ಇದನ್ನು ದಾಟಿಲ್ಲ. ಪುಟ್ಟ ಪೆಟ್ಟಿಗೆಯಿಂದ ಮೂರನ್ನೂ ಕೊಡುತ್ತೇವೆ ಎಂಬ ಜಾಹೀರಾತು ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಹೋಮ್ ಥಿಯೇಟರಿನ ಜಾಣತನ ಇರುವುದು ಇಲ್ಲೇ. ಆಳದ ಬೇಸ್ ಕೆಲಸವನ್ನು ಚಿಕ್ಕ ಪೆಟ್ಟಿಗೆಗಳಿಂದ ಕಿತ್ತು ಒಂದೇ ಒಂದು ಸಬ್‌ವೂಫರ್‌ಗೆ ವಹಿಸುತ್ತೇವೆ. ಎಲ್ಲಿಯವರೆಗಿನ ಸ್ವರ ಸಬ್‌ವೂಫರ್‌ಗೆ, ಎಲ್ಲಿಂದ ಮೇಲಿನದು ಚಿಕ್ಕ ಸ್ಪೀಕರ್‌ಗಳಿಗೆ ಎಂಬ ಗಡಿಯನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಸ್ಪೀಕರ್‌ಗಳಿಗೆಲ್ಲ ಶಬ್ದ ಹಂಚುವ ರಿಸೀವರ್‌ಗಳಲ್ಲಿ ಇದು ಸಾಮಾನ್ಯವಾಗಿ 80 ಹರ್ಟ್ಜ್, ಅಂದರೆ ಸೆಕೆಂಡಿಗೆ 80 ಅಲುಗಾಟ. ಆ ಸಂಖ್ಯೆ ಬರಿದೇ ಬಂದದ್ದಲ್ಲ. 80 ಹರ್ಟ್ಜ್ ಸ್ವರದ ಒಂದು ಅಲೆಯ ಉದ್ದ 4.3 ಮೀಟರ್, ಅಂದರೆ ನಮ್ಮ ಹಾಲ್‌ನಷ್ಟೇ ಉದ್ದ. ಅಷ್ಟು ಉದ್ದದ ಅಲೆ ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ರೀತಿ ತಲುಪುವುದರಿಂದ ಅದು ಯಾವ ದಿಕ್ಕಿನಿಂದ ಬಂತೆಂದು ಹೇಳುವುದು ಕಷ್ಟ. ಹಾಗಾಗಿ ಸಬ್‌ವೂಫರ್ ಯಾವ ಮೂಲೆಯಲ್ಲಿದ್ದರೂ, ಗುಡುಗು ಪರದೆಯಿಂದಲೇ ಬಂದಂತೆ ಅನಿಸುತ್ತದೆ.

ಗಡಿ ಮೇಲಕ್ಕೆ ಹೋದರೆ ಈ ಮೋಡಿ ಮುರಿಯುತ್ತದೆ. ನನ್ನ ಮುಷ್ಟಿಗಾತ್ರದ ಪೆಟ್ಟಿಗೆಗಳ ಮೇಲೆ ಬರೆದಿದ್ದ ಸಂಖ್ಯೆ 200 ಹರ್ಟ್ಜ್. ಅದಕ್ಕಿಂತ ಕೆಳಗೆ ಅವು ಕೈಚೆಲ್ಲುತ್ತಿದ್ದವು. ವಯಸ್ಕ ಗಂಡಸಿನ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಜ್ ನಡುವೆ ಇರುತ್ತದೆ, ಹೆಂಗಸಿನದು 165ರಿಂದ 255ರ ಆಸುಪಾಸು. ಅಂದರೆ ಪರದೆಯ ಮೇಲೆ ನಾಯಕ ಮಾತಾಡುತ್ತಿದ್ದರೆ ಅವನ ದನಿಯ ಬುಡ ಊಟದ ಮೇಜಿನ ಕೆಳಗಿದ್ದ ಸಬ್‌ವೂಫರಿನಿಂದ, ತುದಿ ಟಿವಿಯ ಪಕ್ಕದ ಪೆಟ್ಟಿಗೆಯಿಂದ ಬರುತ್ತಿತ್ತು. ಆ ಸಬ್‌ವೂಫರ್ ಕೂಡ ಮಾತಿಗೆಂದು ಮಾಡಿದ್ದಲ್ಲ, ಗುಡುಗಲೆಂದು ಮಾಡಿದ್ದು. ಅಪ್ಪನಿಗೆ ಕೇಳುತ್ತಿದ್ದುದು ಸೀಳಿಹೋದ ದನಿ.

ಸಂಗೀತ ಬಲ್ಲವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸುಮಾರು 131 ಹರ್ಟ್ಜ್. ಮಂದ್ರ ಪಂಚಮಕ್ಕೆ ಇಳಿದರೆ 98. ಅವನ ತಂಬೂರಿಯ ಮಂದ್ರ ಷಡ್ಜದ ತಂತಿ 65. 200 ಹರ್ಟ್ಜ್‌ಗೆ ನಿಲ್ಲುವ ಪೆಟ್ಟಿಗೆಗೆ ಇವಾವುವೂ ಸಿಗುವುದಿಲ್ಲ. 80ರವರೆಗೆ ಇಳಿಯುವ ಪೆಟ್ಟಿಗೆಯಲ್ಲಿ ಗಾಯಕ ಪೂರ್ತಿ ಇರುತ್ತಾನೆ, ತಂಬೂರಿಯ ಆ ಒಂದು ತಂತಿಯ ಬುಡ ಮಾತ್ರ ಸಬ್‌ವೂಫರ್‌ಗೆ ಹೋಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ಕೇಳಿದಾಗ ಇದು ಯಾಕೆ ಗೊತ್ತಾಗುವುದಿಲ್ಲ? ನಮ್ಮ ಮಿದುಳು ಬಲು ಉದಾರಿ. ಸ್ವರದ ಬುಡ ಕಾಣೆಯಾದರೂ ಅದರ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳನ್ನು ಕೇಳಿ, ಇಂಥ ಸ್ವರವೇ ಇರಬೇಕು ಎಂದು ತಾನೇ ತುಂಬಿಕೊಳ್ಳುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲೂ ಗಂಡಸು ಗಂಡಸಿನಂತೆಯೇ ಕೇಳುವುದು ಇದರಿಂದ. ಐದು ನಿಮಿಷದ ಪ್ರದರ್ಶನದಲ್ಲಿ ಮಿದುಳಿನ ಈ ಕೆಲಸ ತಿಳಿಯುವುದಿಲ್ಲ. ಎರಡೂವರೆ ಗಂಟೆಯ ಸಿನಿಮಾ ಮುಗಿದಾಗ ಮಾತ್ರ ತಲೆ ದಣಿದಿರುತ್ತದೆ, ಯಾಕೆಂದು ಗೊತ್ತಾಗಿರುವುದಿಲ್ಲ.

ಆದ್ದರಿಂದ ಚಿಕ್ಕ ಸ್ಪೀಕರ್ ಕೊಳ್ಳುವಾಗ ನಾನು ಮೊದಲು ಕೇಳುವುದು ಒಂದೇ: ಇದು ಎಷ್ಟು ಕೆಳಗಿಳಿಯುತ್ತದೆ? 80 ಹರ್ಟ್ಜ್‌ನಲ್ಲಿ ಗಡಿ ಹಾಕಬೇಕಾದರೆ ಪೆಟ್ಟಿಗೆ ಅದಕ್ಕಿಂತ ತುಸು ಕೆಳಗೆ, 60–70ರವರೆಗೆ ನೆಟ್ಟಗೆ ಇಳಿಯಬೇಕು. ತೀರಾ ಇಕ್ಕಟ್ಟಿದ್ದರೆ 100, ಕೊನೆಯ ಮಾತಾಗಿ 120 ಒಪ್ಪಬಹುದು. ಅದಕ್ಕೂ ಮೇಲೆ ಗಡಿ ಹಾಕಬೇಕಾದ ಪೆಟ್ಟಿಗೆಯನ್ನು, ನೋಡಲು ಎಷ್ಟೇ ಮುದ್ದಾಗಿದ್ದರೂ, ಟಿವಿಯ ಪಕ್ಕಕ್ಕೆ ತರಬೇಡಿ. ಸಾಮಾನ್ಯವಾಗಿ 4ರಿಂದ 5 ಇಂಚಿನ ಕೋನ್ ಇರುವ, ಐದಾರು ಲೀಟರ್ ಒಳಾವರಣದ, ಅಂದರೆ ದಪ್ಪ ನಿಘಂಟುಗಳೆರಡನ್ನು ಜೋಡಿಸಿಟ್ಟಷ್ಟು ದೊಡ್ಡ ಬುಕ್‌ಶೆಲ್ಫ್ ಸ್ಪೀಕರಿನಿಂದ ಈ ಕೆಲಸ ಆಗುತ್ತದೆ. ನನ್ನ ಮಟ್ಟಿಗೆ ಕಾಂಪ್ಯಾಕ್ಟ್ ಎಂಬ ಮಾತಿಗೆ ಕೆಳಗಿನ ಎಲ್ಲೆ ಇದೇ.

ಸಂಖ್ಯೆಯನ್ನು ಓದುವಾಗ ಒಂದು ಎಚ್ಚರ ಬೇಕು. "50 ಹರ್ಟ್ಜ್‌ನಿಂದ 20,000 ಹರ್ಟ್ಜ್" ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. 50ರಲ್ಲಿ ದನಿ ಎಷ್ಟು ಕುಗ್ಗಿರುತ್ತದೆ ಎಂದೂ ಹೇಳಬೇಕು. ಪಕ್ಕದಲ್ಲಿ "ಪ್ಲಸ್ ಆರ್ ಮೈನಸ್ 3 ಡೆಸಿಬಲ್" ಎಂದಿದ್ದರೆ ನಂಬಬಹುದಾದ ಲೆಕ್ಕ. "ಮೈನಸ್ 10 ಡೆಸಿಬಲ್" ಎಂದಿದ್ದರೆ ಆ ತುದಿಯಲ್ಲಿ ದನಿ ಕಿವಿಗೆ ಅರ್ಧದಷ್ಟೇ ಕೇಳುತ್ತದೆ, ನಿಜವಾದ ಮಿತಿ ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಏನೂ ಬರೆದಿಲ್ಲವೆಂದರೆ ಅಂಗಡಿಯವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಬೇರೆ ಸ್ಪೀಕರ್ ನೋಡಿ.

ವಾಟ್ ಬಗ್ಗೆ ನಮ್ಮಲ್ಲಿ ವಿಪರೀತ ಮೋಹ. ಟೇಪ್ ರೆಕಾರ್ಡರ್ ಕಾಲದಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೂ ಸಾವಿರಗಟ್ಟಲೆ ವಾಟ್ ಪಿಎಂಪಿಒ ಎಂಬ ಚೀಟಿ ಅಂಟಿಸಿರುತ್ತಿದ್ದರಲ್ಲ, ಆ ಅಳತೆಗೆ ಯಾವ ಮಾನದಂಡವೂ ಇರಲಿಲ್ಲ. ನೋಡಬೇಕಾದದ್ದು ಸಂವೇದನೆಯನ್ನು, ಸ್ಪೀಕರಿನವರು ಸೆನ್ಸಿಟಿವಿಟಿ ಎನ್ನುವುದನ್ನು: 8 ಓಮ್ ಸ್ಪೀಕರಿಗೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದನ್ನು. ಚಿಕ್ಕ ಪೆಟ್ಟಿಗೆಗಳಲ್ಲಿ ಇದು 83ರಿಂದ 87ರ ಸುತ್ತ ಇರುತ್ತದೆ. ಮೂರು ಡೆಸಿಬಲ್ ಕಡಿಮೆಯಾದರೆ ಅಷ್ಟೇ ದನಿಗೆ ದುಪ್ಪಟ್ಟು ವಾಟ್ ಬೇಕು. ಹಾಫ್‌ಮನ್ ನಿಯಮ ಇಲ್ಲಿ ಕೈಗೆ ಸಿಗುತ್ತದೆ: ಪುಟ್ಟದಾಗಿದ್ದೂ ಚೆನ್ನಾಗಿ ಕೆಳಗಿಳಿಯುವ ಸ್ಪೀಕರಿನ ಸಂವೇದನೆ ಕಡಿಮೆ ಇದ್ದೇ ಇರುತ್ತದೆ, ಅದೊಂದು ದೋಷವೇನೂ ಅಲ್ಲ. ಎಂಟೊಂಬತ್ತು ಅಡಿ ದೂರದಲ್ಲಿ ಕೂತು ನೋಡುವ ಹಾಲ್‌ಗೆ 85 ಡೆಸಿಬಲ್‌ನ ಸ್ಪೀಕರ್, ಒಂದು ಸಾಧಾರಣ ರಿಸೀವರ್ ಧಾರಾಳ ಸಾಕು. ಬೇಸ್ ಹೊರೆಯನ್ನು ಸಬ್‌ವೂಫರ್ ತನ್ನದೇ ಆಂಪ್ಲಿಫಯರಿನಿಂದ ಹೊರುವುದರಿಂದ ರಿಸೀವರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಪುಟ್ಟ ಪೆಟ್ಟಿಗೆಯಿಂದ ಮನುಷ್ಯನ ದನಿ ಎಷ್ಟು ನಿಜವಾಗಿ ಬರಬಲ್ಲದು ಎಂಬುದಕ್ಕೆ ನನಗೆ ಬಹಳ ಪ್ರೀತಿಯ ಉದಾಹರಣೆ ಬಿಬಿಸಿಯ ಎಲ್‌ಎಸ್3/5ಎ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಇದನ್ನು ರೂಪಿಸಿದರು. ವ್ಯಾನಿನಲ್ಲಿ ಜಾಗ ಎಲ್ಲಿದೆ? ಅದರೊಳಗೆ ಕೂತವರಿಗೆ ಮೈಕಿನ ಮುಂದಿನ ಮಾತು ಸರಿಯಾಗಿ ಬರುತ್ತಿದೆಯೇ ಎಂದು ತಿಳಿಯಬೇಕಿತ್ತು. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19, ಆಳ 16. ಪೂರ್ತಿ ಮುಚ್ಚಿದ ಪೆಟ್ಟಿಗೆ, ಒಳಗೆ 5 ಇಂಚಿನ ಒಂದು ಕೋನ್, ಮೇಲೆ ತಾರಸ್ವರಗಳಿಗೆಂದು ಒಂದು ಪುಟ್ಟ ಟ್ವೀಟರ್. ಇದರ ಬೀಜ ಮೊಳೆತದ್ದು ಬೇರೆಯೇ ಕೆಲಸದಲ್ಲಿ. ಹೊಸ ಸ್ಟುಡಿಯೋ ಕಟ್ಟುವ ಮೊದಲು ಅದರ ಚಿಕ್ಕ ಮಾದರಿ ಮಾಡಿ ಅದರೊಳಗೆ ಶಬ್ದ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಲು ಅವರಿಗೊಂದು ಪುಟ್ಟ ಸ್ಪೀಕರ್ ಬೇಕಾಗಿತ್ತು. ಅದನ್ನು ಮಾಡಿ ಕೇಳಿದಾಗ ಅದರ ಗುಣಕ್ಕೆ ಅವರೇ ಬೆರಗಾದರು. ಸಂವೇದನೆ ಕೇವಲ 82–83 ಡೆಸಿಬಲ್, ಆಳದ ಬೇಸ್ ಇಲ್ಲ. ಆದರೆ ಮಾತಾಡುವವರು ಎದುರಿಗೇ ಕೂತಂತೆ ಅನಿಸುತ್ತದೆ. ಇವತ್ತಿಗೂ ಅದರ ಹೊಸ ಜೋಡಿಗಳು ತಯಾರಾಗುತ್ತಿವೆ. ಬೆಲೆ ನಮ್ಮ ನಿಮ್ಮ ಕೈಗೆಟುಕುವಂಥದ್ದಲ್ಲ, ಅದು ಬೇಕಾಗಿಯೂ ಇಲ್ಲ. ಆ ಅಳತೆಯ ಪೆಟ್ಟಿಗೆಯಲ್ಲಿ ಏನು ಸಾಧ್ಯ ಎಂಬುದನ್ನು ತಿಳಿದುಕೊಂಡರೆ ಸಾಕು.

ಮುಚ್ಚಿದ ಪೆಟ್ಟಿಗೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಚಿಕ್ಕ ಸ್ಪೀಕರ್‌ಗಳ ಹಿಂದೆಯೋ ಮುಂದೆಯೋ ಒಂದು ತೂತು, ಅಂದರೆ ಪೋರ್ಟ್ ಇರುತ್ತದೆ. ಕೊಡದ ಬಾಯಿಗೆ ಊದಿದಾಗ ಮೊರೆಯುವಂತೆ, ಆ ತೂತು ಒಂದು ನಿರ್ದಿಷ್ಟ ಸ್ವರದ ಸುತ್ತ ಬೇಸ್‌ಗೆ ಬಲ ಕೊಡುತ್ತದೆ. ಇನ್ನಷ್ಟು ಕೆಳಗಿಳಿಯಬಹುದು, ಆದರೆ ಅಲ್ಲಿಂದ ಆಚೆ ದನಿ ಕಡಿದಾಗಿ ಬೀಳುತ್ತದೆ: ಒಂದು ಸ್ಥಾಯಿಗೆ 24 ಡೆಸಿಬಲ್. ಮುಚ್ಚಿದ ಪೆಟ್ಟಿಗೆ ಬೇಗ ಇಳಿಮುಖವಾದರೂ ನಿಧಾನ ಇಳಿಯುತ್ತದೆ, ಸ್ಥಾಯಿಗೆ 12. ಸಬ್‌ವೂಫರ್ ಜೊತೆಗೆ ಬಳಸುವಾಗ ಈ ನಿಧಾನವೇ ವರವಾಗುತ್ತದೆ. ಪೆಟ್ಟಿಗೆಯ 12, ರಿಸೀವರಿನ ಫಿಲ್ಟರಿನ 12 ಸೇರಿ 24 ಆಗುತ್ತದೆ. ಸಬ್‌ವೂಫರ್ ಕಡೆಯ ಫಿಲ್ಟರ್ ಕೂಡ 24ರಂತೆ ಕಡಿಯುತ್ತದೆ. ಎರಡೂ ಕಡೆಯಿಂದ ಒಂದೇ ಇಳಿಜಾರು, ನಡುವೆ ಹೊಲಿಗೆ ಕಾಣದ ಹಾಗೆ ಕೂಡಿಕೊಳ್ಳುತ್ತವೆ. ಸಿನಿಮಾ ಶಬ್ದದ ಗುಣಮಟ್ಟಕ್ಕೆ ಮಾನದಂಡ ಹಾಕುವ ಟಿಎಚ್‌ಎಕ್ಸ್‌ನವರು ಮನೆಯ ಸ್ಪೀಕರ್‌ಗಳಿಗೆ 80 ಹರ್ಟ್ಜ್‌ನ ಮುಚ್ಚಿದ ಪೆಟ್ಟಿಗೆ ಎಂದು ಗೊತ್ತುಮಾಡಿದ್ದು ಈ ಲೆಕ್ಕದಿಂದಲೇ.

ನಮ್ಮ ಹಾಲ್‌ಗಳಿಗೆ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಿಡಿ ಎಂದು ಪುಸ್ತಕ ಹೇಳುತ್ತದೆ. ಹತ್ತಡಿ ಹಾಲಿನಲ್ಲಿ ಎರಡಡಿ ಎಲ್ಲಿಂದ ತರುವುದು? ಸ್ಪೀಕರ್ ಗೋಡೆಗೆ ಒತ್ತಿಕೊಂಡೇ ಕೂರುತ್ತದೆ. ಆಗ ಹಿಂದಿನ ಪೋರ್ಟ್‌ನ ಮೊರೆತಕ್ಕೆ ಗೋಡೆಯ ಪ್ರತಿಫಲನವೂ ಸೇರಿ ಗಂಡಸಿನ ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ. ಗೋಡೆಗೆ ತೂಗುಹಾಕುವುದಿದ್ದರೆ ಮುಚ್ಚಿದ ಪೆಟ್ಟಿಗೆ ಇಲ್ಲವೇ ಮುಂದೆ ಪೋರ್ಟ್ ಇರುವುದನ್ನು ಆರಿಸಿ. ಹಿಂದೆ ಪೋರ್ಟ್ ಇರುವುದು ಈಗಾಗಲೇ ಮನೆಯಲ್ಲಿದ್ದರೆ ತೂತಿಗೆ ಸ್ಪಾಂಜ್ ತುರುಕಿ ಕೇಳಿ ನೋಡಿ. ಬೇಸ್ ಹೇಗೂ ಸಬ್‌ವೂಫರಿನದು, ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ನಡುವಿನ ಸ್ಪೀಕರ್. ಸಿನಿಮಾದ ಮಾತುಗಳು ಬಹುಪಾಲು ಬರುವುದು ಸೆಂಟರ್ ಸ್ಪೀಕರಿನಿಂದ, ಹಾಗಾಗಿ ಐದರಲ್ಲಿ ಇದಕ್ಕೇ ಹೆಚ್ಚು ದುಡ್ಡು, ಹೆಚ್ಚು ಯೋಚನೆ ಸಲ್ಲಬೇಕು. ಮಾರುಕಟ್ಟೆಯಲ್ಲಿ ಸಿಗುವ ಸೆಂಟರ್‌ಗಳು ಟಿವಿಯ ಕೆಳಗೆ ಚೆಂದ ಕಾಣಲೆಂದು ಅಡ್ಡ ಮಲಗಿರುತ್ತವೆ: ನಡುವೆ ಟ್ವೀಟರ್, ಎಡಬಲಕ್ಕೆ ಒಂದೊಂದು ಕೋನ್. ಎದುರಿಗೆ ಸರಿಯಾಗಿ ನಡುವೆ ಕೂತವರಿಗೆ ತೊಂದರೆಯಿಲ್ಲ. ಸೋಫಾದ ತುದಿಯಲ್ಲಿ ಕೂತವರಿಗೆ ಒಂದು ಕೋನ್ ಹತ್ತಿರ, ಇನ್ನೊಂದು ದೂರ. ಎರಡು ಕೋನ್‌ಗಳ ನಡುವೆ 25 ಸೆಂಟಿಮೀಟರ್ ಅಂತರವಿದ್ದು, ನೀವು 30 ಡಿಗ್ರಿ ಪಕ್ಕಕ್ಕೆ ಕೂತಿದ್ದೀರಿ ಎನ್ನಿ. ಎರಡು ದನಿಗಳ ದಾರಿಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಸುಮಾರು 1,370 ಹರ್ಟ್ಜ್‌ನಲ್ಲಿ ಇದು ಸರಿಯಾಗಿ ಅರ್ಧ ಅಲೆ, ಹಾಗಾಗಿ ಅಲ್ಲಿ ಒಂದು ಕೋನ್ ಇನ್ನೊಂದರ ದನಿಯನ್ನು ಅಳಿಸುತ್ತದೆ. ಮಾತಿನ ಸ್ಪಷ್ಟತೆ ನಿಂತಿರುವ ಜಾಗದಲ್ಲೇ ಒಂದು ಹಳ್ಳ. ನಮ್ಮ ಮನೆಯಲ್ಲಿ ಅಪ್ಪನ ಕಾಯಂ ಜಾಗ ಸೋಫಾದ ಬಲತುದಿ, ಫ್ಯಾನಿನ ಗಾಳಿ ಅಲ್ಲಿಗೆ ಚೆನ್ನಾಗಿ ಬರುತ್ತದೆ.

ಇದಕ್ಕೆ ಅತ್ಯಂತ ಒಳ್ಳೆಯ, ಆದರೆ ಅಂಗಡಿಯವರು ತಾವಾಗಿ ಹೇಳದ ಪರಿಹಾರವೆಂದರೆ ಮುಂದಿನ ಮೂರಕ್ಕೂ ಒಂದೇ ಬುಕ್‌ಶೆಲ್ಫ್ ಸ್ಪೀಕರ್ ಬಳಸುವುದು, ನಡುವಿನದನ್ನೂ ನೆಟ್ಟಗೆ ನಿಲ್ಲಿಸುವುದು. ಮೂರರ ದನಿಯೂ ಒಂದೇ, ಕಾರು ಎಡದಿಂದ ಬಲಕ್ಕೆ ಓಡಿದರೆ ನಡುವೆ ದನಿಯ ಬಣ್ಣ ಬದಲಾಗುವುದಿಲ್ಲ. ತೊಂದರೆಯೆಂದರೆ ಇವನ್ನು ಜೋಡಿಯಾಗಿಯೇ ಮಾರುತ್ತಾರೆ, ನಾಲ್ಕು ಕೊಳ್ಳಬೇಕಾಗುತ್ತದೆ. ನಿಲ್ಲಿಸಲು ಎತ್ತರ ಸಾಲದಿದ್ದರೆ ಸೆಂಟರನ್ನೇ ಬಿಟ್ಟುಬಿಡಿ, ರಿಸೀವರಿಗೆ ಸೆಂಟರ್ ಇಲ್ಲವೆಂದು ಹೇಳಿ. ಎರಡು ಒಳ್ಳೆಯ ಸ್ಪೀಕರ್‌ಗಳ ನಡುವೆ ಮಾತು ತಾನಾಗಿ ಬಂದು ನಿಲ್ಲುತ್ತದೆ, ನಡುವೆ ಕೂತವರಿಗಂತೂ ಚೆನ್ನಾಗಿ. ಐದು ಕಳಪೆ ಪೆಟ್ಟಿಗೆಗಿಂತ ಎರಡು ಒಳ್ಳೆಯವು ಮೇಲು ಎಂಬುದನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ.

ಹಿಂದಿನ ಸರೌಂಡ್ ಸ್ಪೀಕರ್‌ಗಳ ವಿಷಯದಲ್ಲಿ ಮಾತ್ರ ಧಾರಾಳವಾಗಿ ಚಿಕ್ಕದಕ್ಕೆ ಹೋಗಬಹುದು. ಮಳೆ, ಜನಜಂಗುಳಿ, ಹಿಂದಿನಿಂದ ಬರುವ ಬೈಕು ಇಂಥ ಕೆಲಸಕ್ಕೆ 3 ಇಂಚಿನ ಕೋನ್ ಆದೀತು. ಕೂತವರ ಪಕ್ಕಕ್ಕೆ, ತುಸು ಹಿಂದೆ, ತಲೆಗಿಂತ ಒಂದೆರಡಡಿ ಮೇಲೆ ಇರಲಿ. ಸೋಫಾ ಗೋಡೆಗೆ ಒತ್ತಿಕೊಂಡಿದ್ದರೆ ನೇರ ಪಕ್ಕಕ್ಕೇ ಇಡಿ. ತಂತಿಗೆಂದು ವಿಶೇಷ ಕೇಬಲ್ ಕೊಳ್ಳಬೇಕಾಗಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಹತ್ತು ಮೀಟರಿಗೆ, ಹೋಗಿಬರುವ ಎರಡೂ ಎಳೆ ಸೇರಿ, ಕಾಲು ಓಮ್‌ನಷ್ಟೇ ರೋಧ ಕೊಡುತ್ತದೆ. 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ.

ಸಬ್‌ವೂಫರ್ ಎಲ್ಲಿಡುವುದು ಎಂಬುದಕ್ಕೆ ಒಂದು ಹಳೆಯ ಉಪಾಯವಿದೆ. ಅದನ್ನು ನೀವು ಕೂರುವ ಜಾಗದಲ್ಲೇ, ಸೋಫಾದ ಮೇಲೆಯೇ ಇಟ್ಟು, ಬೇಸ್ ಚೆನ್ನಾಗಿರುವ ಹಾಡು ಹಾಕಿ, ನೀವು ಅಂಬೆಗಾಲಿಟ್ಟು ಗೋಡೆಯಂಚಿನಲ್ಲಿ ಸುತ್ತಿ. ಎಲ್ಲಿ ಬೇಸ್ ಮೊರೆಯದೆ ಹದವಾಗಿ, ಪ್ರತಿ ಸ್ವರವೂ ಬೇರೆ ಬೇರೆಯಾಗಿ ಕೇಳುತ್ತದೋ ಅಲ್ಲಿ ಅದನ್ನಿಡಿ. ಹದಿನಾಲ್ಕಡಿ ಉದ್ದದ ಕೋಣೆ ಸುಮಾರು 40 ಹರ್ಟ್ಜ್‌ನಲ್ಲಿ ತಾನೇ ಮೊರೆಯುತ್ತದೆ, ಆ ಮೊರೆತ ಅತಿ ಜೋರಾಗಿರುವುದು ಗೋಡೆಯ ಬುಡದಲ್ಲಿ. ಗೋಡೆಗೊರಗಿದ ಸೋಫಾದಲ್ಲಿ ಕೂತವರ ಎದೆ ನಡುಗುವುದು ಅದಕ್ಕೇ. ಸೋಫಾವನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದರೂ ತುಸು ಇಳಿಯುತ್ತದೆ. ಕೆಳಗಿನ ಮನೆಯವರ ಕಡೆಯೂ ಯೋಚಿಸಿ, ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ.

ಕೋಣೆಯೂ ಒಂದು ಸ್ಪೀಕರಿನಂತೆಯೇ. ವಿಟ್ರಿಫೈಡ್ ಟೈಲ್ಸ್, ಸಿಮೆಂಟ್ ಗೋಡೆ, ಗಾಜಿನ ಬಾಗಿಲು ಇವೆಲ್ಲ ದನಿಯನ್ನು ಹೀರದೆ ತಿರುಗಿ ಎಸೆಯುತ್ತವೆ. ಚಪ್ಪಾಳೆ ತಟ್ಟಿ, ಟಿಣ್ ಎಂಬ ಬಾಲ ಕೇಳಿಸಿದರೆ ಅದೇ ಬಾಲ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ. ಟಿವಿಗೂ ಸೋಫಾಗೂ ನಡುವೆ ದಪ್ಪ ಜಮಖಾನ, ಬಾಲ್ಕನಿಗೆ ನೆರಿಗೆ ತುಂಬಿದ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಇಷ್ಟರಿಂದ ಆಗುವ ಲಾಭ, ಸ್ಪೀಕರಿಗೆ ದುಪ್ಪಟ್ಟು ದುಡ್ಡು ಸುರಿದರೂ ಆಗುವುದಿಲ್ಲ. ನಾವು ಜಮಖಾನ ಹಾಸಿದ ದಿನವೇ ವ್ಯತ್ಯಾಸ ಗೊತ್ತಾಯಿತು.

ಎಲ್ಲ ಜೋಡಿಸಿದ ಮೇಲೆ ರಿಸೀವರಿನ ಮೆನು ತೆರೆದು ಒಮ್ಮೆ ನೋಡಿ. ಮೈಕ್ ಇಟ್ಟು ತಾನೇ ಹೊಂದಿಸಿಕೊಳ್ಳುವಾಗ ಅದು ಕೆಲವೊಮ್ಮೆ ಚಿಕ್ಕ ಸ್ಪೀಕರನ್ನು 'ಲಾರ್ಜ್' ಎಂದು ಗುರುತಿಸಿಬಿಡುತ್ತದೆ. ಹಾಗಿದ್ದರೆ ಬೇಸ್ ಪೂರ್ತಿ ಆ ಪುಟ್ಟ ಕೋನ್‌ಗೇ ಹೋಗುತ್ತದೆ. ಎಲ್ಲವನ್ನೂ 'ಸ್ಮಾಲ್' ಮಾಡಿ, ಗಡಿಯನ್ನು 80ಕ್ಕೋ 100ಕ್ಕೋ ಇಡಿ.

ಆಮೇಲೆ ಒಂದು ಪರೀಕ್ಷೆ. ಗಂಡಸೊಬ್ಬರು ವಾರ್ತೆ ಓದುವುದನ್ನು ಹಾಕಿ, ಮನೆಯವರೊಬ್ಬರನ್ನು ಅವರ ಮಾಮೂಲಿ ಜಾಗದಲ್ಲಿ ಕೂರಿಸಿ ಕಣ್ಣು ಮುಚ್ಚಿಸಿ, ದನಿ ಎಲ್ಲಿಂದ ಬರುತ್ತಿದೆ ಎಂದು ಕೈ ತೋರಿಸಲು ಹೇಳಿ. ಹಳೆಯ ಸೆಟ್ ಇದ್ದಾಗ ಅಪ್ಪ ಸ್ವಲ್ಪ ಹೊತ್ತು ತಡಕಾಡಿ ಊಟದ ಮೇಜಿನ ಕಡೆ ಕೈ ತೋರಿಸಿದ್ದರು. ಈಗ ಮುಂದೆ ಮೂರು 5 ಇಂಚಿನ ಬುಕ್‌ಶೆಲ್ಫ್ ಪೆಟ್ಟಿಗೆಗಳಿವೆ, ನಾಲ್ಕನೆಯದು ಅಟ್ಟದ ಮೇಲಿದೆ. ಹಿಂದೆ ಹಳೆಯ ಸೆಟ್ಟಿನ ಎರಡು ಮುಷ್ಟಿಪೆಟ್ಟಿಗೆಗಳೇ ಸರೌಂಡ್ ಆಗಿ ದುಡಿಯುತ್ತಿವೆ. ಮೊನ್ನೆ ಅದೇ ಪರೀಕ್ಷೆ ಮಾಡಿಸಿದೆ. ಅಪ್ಪ ಕೈ ಎತ್ತಿ ಟಿವಿಯ ನಡುಮಧ್ಯಕ್ಕೆ ತೋರಿಸಿ, "ಅಲ್ಲೇ ಇದ್ದಾನಲ್ಲೋ, ಇನ್ನೆಲ್ಲಿಂದ ಮಾತಾಡ್ತಾನೆ?" ಎಂದರು.